ಬಳೆ ಏರದ ಕೈ

ಆಕೆಯ ಹೆಬ್ಬೆರಳಿನ ತುಂಬ ಒಡೆದ ಗಾಜು ಗೀರಿದ ಬಿಳಿ ಗೆರೆಗಳಿದ್ದವು. ಆ ಒರಟು ಕೈ ನಮ್ಮ ಗೆಣ್ಣುಗಳನ್ನು ಒತ್ತಿ ಮೆತ್ತಗೆ ಮಾಡುತ್ತಿದ್ದರೆ ಬಳೆ ಏರಿದ್ದೇ ತಿಳಿಯುತ್ತಿರಲಿಲ್ಲ. ಭರಮಸಾಗರದಿಂದ ಬೆಳಗಿನ ಬಸ್ಸಿಗೆ ಬಳೆಯ ಮಲಾರ ಹೊತ್ತು ಬರುತ್ತಿದ್ದ ಆಕೆ ಊರಿಗೆಲ್ಲ ಬಳೆಯಕ್ಕ.

"ಕೈ ಸಡ್ಲ ಬಿಡವ್ವ, ನಾನೇನು ನಿನ್ ಗಂಡನಾ, ಹಂಗ್ ಬಿಗಿತೀಯ" ಎಂದು ಹೊಸ ಸೊಸೆಯರನ್ನು ನಗಿಸುತ್ತಿದ್ದಳು.

ನಿಮ್ಮ ತಾತ ತೀರಿಕೊಂಡ ಮೇಲೆ ನನಗೆ ಬಳೆ ಬೇಕಿರಲಿಲ್ಲ. ಆದರೂ ನಮ್ಮ ಜಗಲಿಯಲ್ಲಿ ಕೂತು ನೀರು ಕುಡಿಯದೆ ಆಕೆ ಮುಂದೆ ಹೋದವಳಲ್ಲ.

ಆಕೆಗೊಬ್ಬ ಮಗನಿದ್ದ. ಹುಟ್ಟುವಾಗಲೇ ಕಣ್ಣಿಗೆ ಪೊರೆ, ಕಿವಿ ಕೇಳದು, ಎದೆಯಲ್ಲೂ ದೋಷ. ನಡೆಯುವ ಮೊದಲೇ ಹೋದ.

"ಬಸುರಾದ ಹೊಸ್ತರಲ್ಲಿ ಸಣ್ಣ ಜ್ವರ ಬಂದು ಮೈಮೇಲೆ ಕೆಂಪಗೆ ಎದ್ದಿತ್ತು. ಕಿವಿ ಹಿಂದೆ ಗಂಟು ಬ್ಯಾರೆ. ಮೂರು ದಿನಕ್ಕೆ ಎಲ್ಲ ಹೋತು, ಬೆವರುಸಾಲೆ ಅಂದ್ಕಂಡೆ. ಬೆರಳು ಊದಿ ನನ್ ಬಳೆ ನಂಗೇ ಹತ್ತಲಿಲ್ಲ. ಸೋಪು ಹಚ್ಕಂಡು, ನಕ್ಕಂಡು ಏರಿಸ್ಕಂಡೆ ಕಣವ್ವ."

ಅದು ರುಬೆಲ್ಲಾ, ಬಸುರಿಗೆ ಬಂದರೆ ಹೊಟ್ಟೆಯ ಕೂಸಿಗೂ ತಗಲುತ್ತದೆ ಎಂದು ಡಾಕ್ಟರು ಹೇಳಿದ್ದು ಮಗು ಹುಟ್ಟಿದ ಮೇಲೆ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಹಿರಿಮಗಳು, ನಿಮ್ಮ ದೊಡ್ಡಮ್ಮ, ಮೊದಲ ಬಸುರಿಯಾಗಿ ತವರಿಗೆ ಬಂದಿದ್ದಳು. ಮೂರು ತಿಂಗಳು ತುಂಬಿತ್ತು. ಬಳೆಯಕ್ಕ ಅವಳ ಅಳತೆಯ ಹಸಿರು ಬಳೆ ತೆಗೆದಳು. ಅದು ಗೆಣ್ಣಿನಲ್ಲೇ ನಿಂತಿತು. ಮಗಳು "ಅಯ್ಯಮ್ಮಾ!" ಎಂದು ಕೈ ಎಳೆದುಕೊಂಡಳು.

"ತವರೂಟ ಕೈಗೇ ಹತ್ತೈತೆ" ಎಂದು ನಾನು ನಕ್ಕೆ.

ಬಳೆಯಕ್ಕ ನಗಲಿಲ್ಲ. ಬಳೆ ಕೆಳಗಿಟ್ಟು ಮಗಳ ಕಿವಿಯ ಹಿಂದೆ ಬೆರಳಾಡಿಸಿದಳು.

"ಗಂಟು ಅವೆ. ಮೈಮೇಲೆ ಏನಾರ ಎದ್ದಿತ್ತೇನವ್ವ?"

"ಮೊನ್ನೆ ಮುಖದ ಮೇಲೆ. ಆಮೇಲೆ ಬೆನ್ನು, ಹೊಟ್ಟೆ. ಈಗ ಹೋಗೈತೆ ಬಳೆಯಕ್ಕ."

"ಹೋಗೋದೇ ಅದ್ರ ಗುಣ." ಮಲಾರ ಕಟ್ಟಿ ಎದ್ದಳು. "ಏಳ್ರಿ, ದಾವಣಗೆರೆಗೆ ಹೋಗಾಣ. ಇವತ್ತು ಬಳೆ ಬ್ಯಾಡ."

ರಕ್ತ ಪರೀಕ್ಷೆಯೂ ರುಬೆಲ್ಲಾ ಎಂದೇ ಹೇಳಿತು. ಮಗುವಿಗೆ ತೊಂದರೆಯಾಗಬಹುದು, ಬಸುರು ಇಳಿಸುವುದಾದರೆ ಈಗಲೇ ಹೇಳಿ ಎಂದರು ಡಾಕ್ಟರು. ಮಗಳು ಸೆರಗಿನ ಮೇಲಿಂದ ಹೊಟ್ಟೆ ಹಿಡಿದುಕೊಂಡು, "ಹೆಂಗಾರ ಇರ್ಲಿ, ನಂಗೆ ಬೇಕು" ಎಂದಳು. ಬಸ್ಸಿನಲ್ಲಿ ಊರು ಬರುವ ತನಕ ಬಳೆಯಕ್ಕ ಅವಳ ಕೈ ಬಿಡಲಿಲ್ಲ.

ಹೆರಿಗೆಯಾದಾಗ ಓಡಿ ಬಂದಳು. ಮೊದಲು ಮಗುವಿನ ಕಣ್ಣು ನೋಡಿ, "ತಿಳಿಯಾಗವೆ" ಎಂದು ಕೈಮುಗಿದಳು. ಆಮೇಲೆ ಕಿವಿಯ ಬಳಿ ಬಳೆಗಳ ಗೊಂಚಲು ಅಲುಗಿಸಿದಳು. ಮಗು ಬೆಚ್ಚಲಿಲ್ಲ. ಇನ್ನೊಮ್ಮೆ ಜೋರಾಗಿ ಅಲುಗಿಸಿದಳು. ನಂತರ ಗೊಂಚಲನ್ನು ಮಡಿಲಿಗೆ ಒತ್ತಿಕೊಂಡು ಅತ್ತಳು.

ಆ ಮಗುವೇ ನಿಮ್ಮ ಅಕ್ಕ. ಮೊದಲೇ ತಿಳಿದಿದ್ದರಿಂದ ಅವಳ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತ ಬೆಳೆಸಿದೆವು. ಬಳೆಯಕ್ಕ ಬಂದರೆ ಸಾಕು, ಓಡಿಹೋಗಿ ಆಕೆಯ ಮಣಿಕಟ್ಟು ಹಿಡಿಯುತ್ತಿದ್ದಳು. ಬಳೆಯಕ್ಕ ಕೈ ಕುಣಿಸುತ್ತಿದ್ದಳು. ಬಳೆಗಳ ಅದುರು ಅಂಗೈಗೆ ಹತ್ತಿ ಮಗು ಕಿಲಕಿಲ ನಗುತ್ತಿತ್ತು.

ಅಲ್ಲಿಂದಾಚೆ ಮದುವೆಯಾಗಲಿರುವ ಹುಡುಗಿಯರು ಕೈ ಚಾಚಿದರೆ ಆಕೆಯದು ಒಂದೇ ಮಾತು: "ಮೊದ್ಲು ಆ ರುಬೆಲ್ಲಾ ಚುಚ್ಚುಮದ್ದು ಹಾಕಿಸ್ಕಂಡು ಬಾರವ್ವ, ಬಳೆ ಎಲ್ಲಿಗೂ ಓಡಿಹೋಗಲ್ಲ." ನಿಮ್ಮಮ್ಮನಿಗೆ ಹಾಕಿಸಿದ್ದೂ ಆಕೆಯೇ. ನಾನು ಕೂಗಿದರೆ ನೀವು ತಿರುಗಿ ನೋಡುವಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ.

ಆಕೆ ಹೋದಾಗ ನಿಮ್ಮ ಅಕ್ಕನನ್ನು ಭರಮಸಾಗರಕ್ಕೆ ಕರೆದೊಯ್ದಿದ್ದೆ. ಮುತ್ತೈದೆ ಸಾವು. ಎರಡೂ ಕೈಗೆ ಹಸಿರು ಬಳೆ ತುಂಬಿದ್ದರು. ಅವಳು ಹತ್ತಿರ ಕೂತು ಆ ಮಣಿಕಟ್ಟು ಹಿಡಿದಳು. ಬಳೆ ಅದುರಲಿ ಎಂದು ಬಹಳ ಹೊತ್ತು ಹಿಡಿದೇ ಕೂತಿದ್ದಳು.