ಒದ್ದೆ ಮಣ್ಣಿನಲ್ಲಿ ಒಣಗಿದ ಹರಿವೆ

ನಿನ್ನೆ ಅಂಕೋಲೆಯ ನಮ್ಮ ಮನೆಯಲ್ಲಿ ಒಣಹಾಕಿದ ಬಟ್ಟೆ ಸಂಜೆಯಾದರೂ ಒಣಗಲಿಲ್ಲ. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಗಾಳಿಯಲ್ಲೇ ನೀರು ತುಂಬಿರುವಾಗ ಅದು ಬಟ್ಟೆಯ ನೀರನ್ನು ಹೇಗೆ ಹೀರೀತು ಎಂದು ನನಗೆ ಹೇಳಿಕೊಟ್ಟವರು ಭಾವ, ನನ್ನ ಅಕ್ಕನ ಗಂಡ. ನನ್ನ ಸ್ವಂತ ವಿಜ್ಞಾನ, ನೀವು ನಗಬಹುದು, ಬಟ್ಟೆ ಮುಟ್ಟಿ ನೋಡುವಲ್ಲಿಗೆ ಮುಗಿಯುತ್ತದೆ.

ಭಾವ ಮಲ್ಲಾಪುರದಲ್ಲಿ ಮೇಷ್ಟರಾಗಿದ್ದರು. ನಿವೃತ್ತರಾದ ಮೇಲೆ ಅಕ್ಕನ ಹಟಕ್ಕೆ ಚಿತ್ತಾಕುಲದಲ್ಲಿ ಹಿತ್ತಿಲಿರುವ ಮನೆ ಮಾಡಿದರು. ಮಲ್ಲಾಪುರದ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಡಬ್ಬಿಯೊಳಗೆ ಕೊತ್ತಂಬರಿ ಬೆಳೆಸಿ ಬೇಸತ್ತವಳು ಅಕ್ಕ. ಅವಳಿಗೆ ನೆಲ ಬೇಕಿತ್ತು. ಹರಿವೆ, ಬೆಂಡೆ, ಬಸಳೆ ಹಾಕಿದಳು. ಭಾವ ಜಗಲಿಯ ಕಂಬಕ್ಕೆ ಎರಡು ಥರ್ಮಾಮೀಟರ್ ಕಟ್ಟಿ, ಗಾಳಿಯ ತೇವ ಅಳೆಯಲೆಂದು ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿದರು. ಬಿಸಿಲು, ಗಾಳಿ, ಸೆಕೆ ನೋಡಿ ನೆಲದಿಂದ ಎಷ್ಟು ನೀರು ಆವಿಯಾಯಿತು, ಬೇರಿಗೆ ಎಷ್ಟು ಉಳಿಯಿತು ಎಂದು ಅಂದಾಜು ಮಾಡಿ, ಇವತ್ತು ನೀರು ಹಾಕು, ಇವತ್ತು ಬೇಡ ಎನ್ನುತ್ತಿದ್ದರು. ಅಕ್ಕ ನಗುತ್ತ ಕೇಳುತ್ತಿದ್ದಳು. ಲೆಕ್ಕ ಸರಿಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಎಲೆಗಳ ಅಂಚು ಸುಟ್ಟಂತಾಗಿ ಗಿಡಗಳು ಬಾಡತೊಡಗಿದವು. ಭಾವನ ಲೆಕ್ಕದ ಪ್ರಕಾರ ಮಣ್ಣಿನಲ್ಲಿ ಬೇಕಾದಷ್ಟು ನೀರಿತ್ತು. ಅಕ್ಕ ನಂಬದೆ ಬುಡ ಅಗೆದಳು. ಮಣ್ಣು ಲೆಕ್ಕಕ್ಕಿಂತಲೂ ಒದ್ದೆ.

“ಒದ್ದೆ ಇದ್ದೂ ಎಂತಕ್ಕೆ ಸಾಯ್ತದೆ ಹಾಗಾದ್ರೆ?” ಎಂದು ಕೇಳಿದಳು. ನಾನು ಅಲ್ಲೇ ಇದ್ದೆ. ಭಾವ ಥರ್ಮಾಮೀಟರ್ ಬದಲಿಸಿದರು, ಊಟ ಮರೆತು ಲೆಕ್ಕ ತಿದ್ದಿದರು. ಕೊನೆಗೊಂದು ದಿನ ಅಕ್ಕ ಗಿಡಗಳಿಗಷ್ಟೇ ಬಳಸುವ ಬಾವಿಯ ನೀರು ಬಾಯಿಗೆ ಹಾಕಿ ಉಗುಳಿದಳು. ಉಪ್ಪು. ಗದ್ದೆಯಾಚೆ ಕಾಳಿ ನದಿಯ ಉಪ್ಪುನೀರು ತಡೆಯುವ ಕಟ್ಟೆ ಒಡೆದಿತ್ತು. ಸಮುದ್ರ ಉಕ್ಕುವ ಹೊತ್ತಿನ ಭರತದ ನೀರು ನೆಲದಡಿಯಿಂದ ನುಗ್ಗಿತ್ತು. ನೀರಿನ ನಡುವೆಯೇ ಇದ್ದರೂ ಬೇರುಗಳು ಅದನ್ನು ಕುಡಿಯಲಾರದೆ ಹೋಗಿದ್ದವು. ಭಾವನ ಅಂದಾಜು ತಪ್ಪಿರಲಿಲ್ಲ. ತಪ್ಪಿದ್ದರೆ ತಿದ್ದಬಹುದಿತ್ತು.

ಕಟ್ಟೆ ದುರಸ್ತಿಗೆಂದು ಅಲೆದರು. ಮಳೆ ಉಪ್ಪನ್ನು ತೊಳೆದೀತು ಎಂದು ಕಾದರು. ಮಳೆಗಾಲ ಮುಗಿದ ಮೇಲೆ ಅಕ್ಕ ಮತ್ತೆ ಬಿತ್ತಿದಳು. ಬೆರಳುದ್ದ ಬೆಳೆದು ಎಲ್ಲವೂ ಮಲಗಿಬಿಟ್ಟವು.

ಹೋದ ತಿಂಗಳು ನಾನು ಹೋದಾಗ ಹಿತ್ತಿಲ ತುಂಬ ಬಿಳಿ ಪುಡಿ. ಈ ವರ್ಷ ಮಳೆ ಜೋರಾದರೆ ಉಪ್ಪು ಹೋಗಬಹುದೇ ಎಂದು ಅಕ್ಕ ಕೇಳಿದಳು.

“ನಂಗೆ ಗೊತ್ತಾಗೂದಿಲ್ಲ ಇನ್ನು,” ಎಂದರು ಭಾವ. ಆ ಮನುಷ್ಯನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ಹೊರಡುವಾಗ ಅಕ್ಕ ಹರಿವೆ ಬೀಜದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟಳು. “ನಿಮ್ಮಲ್ಲಿ ನೆಲ ಚೊಲೋ ಅದೆ. ನೀನೇ ಹಾಕು. ನಂಗೆ ಇನ್ನು ಬೇಡ.”

ಹಾಕಿದೆ. ಒಂದೂ ಬಿಡದೆ ಮೊಳೆತು, ಈಗ ಕೊಯ್ಯುವಷ್ಟು ಎತ್ತರಕ್ಕೆ ಕೆಂಪಗೆ ನಿಂತಿವೆ. ಅಕ್ಕ ಫೋನಿನಲ್ಲಿ ಎಲ್ಲವನ್ನೂ ವಿಚಾರಿಸುತ್ತಾಳೆ, ಅದೊಂದನ್ನು ಬಿಟ್ಟು. ನನಗೂ ಹೇಳುವ ಧೈರ್ಯವಾಗಿಲ್ಲ. ಕೊಯ್ಯಲು ಕೈ ಬಾರದೆ ದಿನ ಕಳೆಯುತ್ತಿದ್ದೇನೆ, ದಂಟುಗಳು ಬಲಿಯುತ್ತಿವೆ.