ಅತ್ತೆಯ ಎಡಗೈ

ಫೋನಿನಲ್ಲಿ ಜಾಗವಿಲ್ಲವೆಂದು ಇವತ್ತು ಬೆಳಿಗ್ಗೆ ಹಳೆಯ ವಿಡಿಯೋಗಳನ್ನು ಅಳಿಸುತ್ತ ಕೂತಿದ್ದೆ. ಒಂದರ ಮೇಲೆ ಬೆರಳು ನಿಂತಿತು. ಬಾಣಸವಾಡಿಯ ನಮ್ಮ ಸೋದರತ್ತೆ ಹೂ ಕಟ್ಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಎಡಗೈ ಎಗರುತ್ತದೆ, ಅದೇ ಮಗ್ಗುಲ ತುಟಿ ಸೊಟ್ಟಗಾಗುತ್ತದೆ, ಮಲ್ಲಿಗೆಯೆಲ್ಲ ನೆಲಕ್ಕೆ. ಎರಡೇ ಸೆಕೆಂಡು. ಮತ್ತೆ ಏನೂ ಆಗದವರಂತೆ ಕಟ್ಟತೊಡಗುತ್ತಾರೆ.

ನೀವು ನೋಡಿದ್ದರೂ ಇದನ್ನು ಕಾಯಿಲೆ ಎನ್ನುತ್ತಿರಲಿಲ್ಲ. ಅತ್ತೆಯ ಗಂಡ, ನಮ್ಮ ಮಾವ, ಇದು ಕೋಪ ಎಂದುಕೊಂಡರು. ಮೊದಲ ಸಲ ಕಾಫಿ ಲೋಟ ಅವರ ಕಾಲ ಬಳಿ ಬಂದು ಬಿದ್ದಾಗ, ಮೂವತ್ತೆರಡು ವರ್ಷ ಸುಮ್ಮನಿದ್ದವಳಿಗೆ ಕೊನೆಗೂ ಸಿಟ್ಟು ಬಂತೆಂದು ತೀರ್ಮಾನಿಸಿ, ಅಂದಿನಿಂದ ತಮ್ಮ ತಟ್ಟೆ ತಾವೇ ತೊಳೆಯತೊಡಗಿದರು. ತಪ್ಪು ಯಾವುದೆಂದು ಕೇಳಲಿಲ್ಲ; ಪಟ್ಟಿ ಉದ್ದವಿರಬಹುದೆಂಬ ಭಯ. ನಾನು ಇನ್ನೂ ಬುದ್ಧಿವಂತೆ. ವಯಸ್ಸು ಎಂದೆ.

ಕೈ ದಿನಕ್ಕೆ ಹತ್ತಾರು ಸಲ ಎಗರತೊಡಗಿತು. ಮರೆವೂ ಶುರುವಾಯಿತು. ರಸೆಲ್ ಮಾರುಕಟ್ಟೆಗೆ ಹೋದವರು, ಯಾಕೆ ಬಂದೆನೆಂದು ಹೂವಿನವರನ್ನೇ ಕೇಳಿದರಂತೆ.

ಬಾಣಂತನ ಮುಗಿದರೂ ನಾನಾಗ ಅವರ ಮನೆಯಲ್ಲೇ ಇದ್ದೆ. ಮಗಳಿಗೆ ಐದು ತಿಂಗಳು. ನಮ್ಮ ವಂಶದ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಅತ್ತೆಯದು. ಒಂದು ದಿನ ಮಗುವಿಗಾಗಿ ಕೈ ಚಾಚಿದರು. "ಈಗ ತಾನೇ ಹಾಲು ಕುಡಿದಿದ್ದಾಳೆ ಅತ್ತೆ," ಎಂದು ಮಗುವನ್ನು ಒಳಗೆ ಒಯ್ದೆ. ಮಾರನೆಯ ದಿನವೂ ಅದನ್ನೇ ಹೇಳಿದೆ. ಮೂರನೆಯ ದಿನ ಅವರು ಕೈ ಚಾಚಲಿಲ್ಲ. ಎಲ್ಲ ಮರೆಯುತ್ತಿದ್ದವರು ಇದನ್ನು ಮಾತ್ರ ನೆನಪಿಟ್ಟುಕೊಂಡಿದ್ದರು.

ನಮ್ಮ ಬೀದಿಯ ಡಾಕ್ಟರು ಹೇಳಿದರೆಂದು ಆ ವಿಡಿಯೋ ಮಾಡಿದ್ದೆ. ನರರೋಗದ ಡಾಕ್ಟರು ಅದನ್ನು ಮೂರು ಸಲ ನೋಡಿ, "ಇದು ಫಿಟ್ಸ್," ಎಂದರು.

"ಫಿಟ್ಸ್ ಅಂದ್ರೆ ಬಿದ್ದು ಒದ್ದಾಡೋದಲ್ವಾ?" ಎಂದರು ಮಾವ.

"ಎಲ್ಲಾ ಫಿಟ್ಸೂ ಹಾಗೇ ಬರಲ್ಲ ಸರ್."

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಆ ಡಾಕ್ಟರೇ ವಿವರಿಸಿದರು. "ಮಿದುಳಲ್ಲಿ ಉರಿಯೂತ ಇದೆ. ಹೊರಗಿನ ಸೋಂಕಲ್ಲ. ಕಾಯಿಲೆ ಜೊತೆ ಹೋರಾಡೋಕೆ ದೇಹದಲ್ಲೇ ಒಂದು ಕಾವಲು ಇರುತ್ತಲ್ಲ, ಅದೇ ದಾರಿ ತಪ್ಪಿ ಮಿದುಳಿನ ಮೇಲೆ ಬಿದ್ದಿದೆ. ಬರೀ ಫಿಟ್ಸ್ ಮಾತ್ರೆಗೆ ಇದು ಬಗ್ಗಲ್ಲ. ಉರಿಯೂತ ಇಳಿಸ್ಬೇಕು."

"ಹಾಗಾದ್ರೆ ಸಿಟ್ಟಲ್ಲ," ಎಂದರು ಮಾವ. ತಟ್ಟೆ ತೊಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸ್ಟೆರಾಯ್ಡ್ ಶುರುವಾಗಿ ಕೆಲವು ವಾರಗಳಲ್ಲಿ ಕೈ ಸುಮ್ಮನಾಯಿತು. ಮುಖ ಊದಿತು. ನೆನಪು ನಿಧಾನವಾಗಿ ಮರಳಿತು. ಕಾಯಿಲೆಯ ಆ ನಾಲ್ಕೈದು ತಿಂಗಳು ಮಾತ್ರ ಬರಲೇ ಇಲ್ಲ.

ಇದಾಗಿ ಎರಡು ವರ್ಷ. ಇವತ್ತು ಮಧ್ಯಾಹ್ನ ಬಾಣಸವಾಡಿಗೆ ಹೋದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು.

"ನಿಮಗೆ ಹುಷಾರಿಲ್ಲದಾಗ ಪಾಪೂನ ನಿಮ್ಮ ಕೈಗೆ ಕೊಡ್ತಿರಲಿಲ್ಲ ಅತ್ತೆ. ಸುಳ್ಳು ಹೇಳ್ತಿದ್ದೆ."

ಅವರು ತಲೆ ಎತ್ತಲಿಲ್ಲ. "ನಾನಾಗಿದ್ರೂ ಕೊಡ್ತಿರಲಿಲ್ಲ," ಎಂದರು. ನಾಲ್ಕು ಕಾಯಿ ಬಿಡಿಸಿದ ಮೇಲೆ ಕೇಳಿದರು: "ಆಗ ನಾನು ಅಳ್ತಿದ್ನಾ?"

"ಇಲ್ಲ ಅತ್ತೆ," ಎಂದೆ.

ನನಗೆ ಗೊತ್ತಿರಲಿಲ್ಲ. ಎರಡು ದಿನವೂ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿದ್ದೆ, ತಿರುಗಿ ನೋಡಿರಲಿಲ್ಲ.