ಟೀಚರ್ ಕೇಳಿದ ಕ್ಯಾಸೆಟ್

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮೆಷೀನು ನಿಂತಿತು ಅಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೆ ಅನ್ನುವ ಮನೆಯಲ್ಲಿ ಬೆಳೆದೆ. ಇದನ್ನು ನಂಬಿ ಅಂತ ನಿಮಗೂ ಹೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಪಿಯಾನೋ ನುಡಿಸುವವನು. ಫಿಟ್ಟರ್ ಮಗನಿಗೆ ಪಿಯಾನೋ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದಿನ ಸಾಲಿನಲ್ಲಿ ಮರ್ಸಿ ಟೀಚರ್ ಇದ್ದರು. ಪ್ರಾಯದಲ್ಲಿ ಮದರಾಸಿನ ದೊಡ್ಡ ಸಭಾಂಗಣಗಳಲ್ಲಿ ಪಿಯಾನೋ ಕಛೇರಿ ಕೊಟ್ಟವರು. ಮದುವೆಯಾಗಲಿಲ್ಲ. ಅಕ್ಕ ಗ್ರೇಸ್‌ಗೆ ಭದ್ರಾವತಿಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದು ಇಲ್ಲೇ ಉಳಿದರು. ನಾನು ಏಳು ವರ್ಷದವನು, ದಿನಾ ಸಂಜೆ ಅವರ ಕಿಟಕಿಯ ಸರಳು ಹಿಡಿದು ನಿಂತು ಕೇಳುತ್ತಿದ್ದೆ. ಒಂದು ದಿನ ನುಡಿಸುವುದನ್ನು ನಿಲ್ಲಿಸಿ, "ಕೈ ತೊಳ್ಕೊಂಡು ಒಳಗೆ ಬಾ" ಅಂದರು. ಅಲ್ಲಿಂದ ಹನ್ನೊಂದು ವರ್ಷ ಕಲಿಸಿದರು.

ಮುಂದೆ ಬೆಂಗಳೂರು, ಗೋವಾ, ಪುಣೆಗಳಲ್ಲಿ ನುಡಿಸಿದೆ. ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಮಾಡಿ ಮಕ್ಕಳಿಗೆ ಕಲಿಸುತ್ತ, ಕರೆ ಬಂದಾಗ ಹೋಗಿ ಕಛೇರಿ ಕೊಡುತ್ತ ಇದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ಪುಣೆಯಲ್ಲಿ ಒಂದು ಸಂಜೆ, ಪುಸ್ತಕವಿಲ್ಲದೆ ನೆನಪಿನಿಂದ ನುಡಿಸುತ್ತಿದ್ದ ಹಾಗೇ ಮುಂದಿನದು ಪೂರ್ತಿ ಮರೆತುಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದೆ, ಅದೇ ಜಾಗದಲ್ಲಿ ನಿಂತೆ. ಎದ್ದು ತಲೆ ಬಾಗಿಸಿ ಒಳಗೆ ಹೋದೆ. ಊರಲ್ಲಿ ಯಾರಿಗೂ ಇದನ್ನು ಹೇಳಲಿಲ್ಲ, ಹೆಂಡತಿಗೂ.

ಅದಾಗಿ ಮೂರು ತಿಂಗಳಿಗೆ ಶಿವಮೊಗ್ಗದಲ್ಲೇ ನನ್ನ ಕಛೇರಿ ನಿಗದಿಯಾಯಿತು. ಏರ್ಪಡಿಸಿದವರು ಬೆಂಗಳೂರಿನಿಂದ ದೊಡ್ಡ ಪಿಯಾನೋ ತರಿಸಿದರು. ಹೊರದೇಶಗಳಿಗೆ ವಾದಕರನ್ನು ಆರಿಸಿ ಕಳಿಸುವ ಒಬ್ಬರು ಮುಂಬಯಿಯಿಂದ ಕೇಳಲು ಬರುವವರಿದ್ದರು. ಅಂಥ ಅವಕಾಶ ಎರಡನೇ ಸಲ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿ ಅಭ್ಯಾಸ ಮಾಡುವಾಗ ಎರಡು ಸಲ ಮತ್ತೆ ಹಾಗೇ ಆಯಿತು.

ಕಛೇರಿಯ ಹಿಂದಿನ ದಿನ ಭದ್ರಾವತಿಗೆ ಹೋದೆ. ಟೀಚರ್‌ಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿ, ಮಾತು ಒಂದೊಂದೇ ಬರುತ್ತಿತ್ತು. ಪುಣೆಯ ವಿಷಯ ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಮಂಚದ ಪಕ್ಕ ಅರ್ಧ ಗಂಟೆ ಕೂತೆ, ಬಾಯಿ ಬರಲಿಲ್ಲ. ಹೊರಡುವಾಗ ಅವರೇ "ಹೆದ್ರಿಕೆನಾ?" ಅಂದರು. "ಇಲ್ಲ ಟೀಚರ್" ಅಂದೆ.

ಮಾರನೆಯ ಸಂಜೆ ಮೊದಲನೆಯದನ್ನು ಹೇಗೋ ಮುಗಿಸಿದೆ. ಎರಡನೆಯದು ಹನ್ನೆರಡು ನಿಮಿಷದ ನಿಧಾನದ ಕೃತಿ, ಟೀಚರ್ ಕಲಿಸಿದ್ದು. ನಾಲ್ಕು ಪುಟದಷ್ಟು ಹೋಗಿರಬೇಕು, ಪುಣೆಯಲ್ಲಿ ಆದದ್ದೇ ಆಯಿತು. ಮುಂದಿನ ಸ್ವರಕ್ಕೆ ಮನಸ್ಸು ಚಾಚಿದರೆ ಅಲ್ಲಿ ಏನೂ ಇಲ್ಲ. ಅದೇ ಗಳಿಗೆಗೆ ಕರೆಂಟು ಹೋಯಿತು. ಮುಚ್ಚಿಡುವುದೇಕೆ, ಆಗ ನನಗಾದದ್ದು ಸಂತೋಷ. ಕತ್ತಲಲ್ಲಿ ನಿಲ್ಲಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲವಲ್ಲ. ಕೈ ಎತ್ತಿಕೊಳ್ಳೋಣ ಅಂದುಕೊಂಡೆ.

ಕೈ ಏಳಲಿಲ್ಲ. ನುಡಿಸುತ್ತಲೇ ಇತ್ತು.

ಬೆರಳು ಚಲಿಸುವುದು ನನಗೆ ತಿಳಿಯುತ್ತಿತ್ತು, ಆದರೆ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಸಭೆಯಲ್ಲಿ ಕೂತವರ ಹಾಗೆ ನಾನೂ ಕೇಳುತ್ತಿದ್ದೆ. ನನಗಿಂತ ತುಂಬ ನಿಧಾನ. ನಾನು ಎಂದೂ ನಿಲ್ಲದ ಕಡೆ ಒಂದು ನಿಲುಗಡೆ, ಉಸಿರು ಕಟ್ಟುವಷ್ಟು ಉದ್ದ. ಎಚ್ಚರ ಇದೆಯೋ ನೋಡೋಣ ಅಂತ ನಾಲಿಗೆ ಕಚ್ಚಿಕೊಂಡೆ, ನೋವಾಯಿತು. ಜನರೇಟರ್ ಶುರುವಾಗಿ ದೀಪ ಬಂದಾಗ ನನ್ನ ಕೈಗಳನ್ನು ನೋಡುವುದಕ್ಕೇ ಭಯವಾಗಿ ಎದುರಿನ ಪರದೆ ನೋಡುತ್ತ ಕೂತೆ. ಕೊನೆಯ ಸ್ವರ ಮುಗಿದ ಮೇಲೆ ಕೈ ಸಡಿಲವಾಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬೆಳಿಗ್ಗೆ ಮೊದಲ ಬಸ್ಸಿಗೇ ಭದ್ರಾವತಿಗೆ ಹೋದೆ. ಬಾಗಿಲು ತೆಗೆದ ಗ್ರೇಸಕ್ಕನ ಮುಖ ನಿದ್ದೆಗೆಟ್ಟು ಬಾಡಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವರು ಶುರು ಮಾಡಿದರು. "ತಂಬಿ, ನಿನ್ನೆ ಸಾಯಂಕಾಲ ಇವಳ ಕೈ ಆಡ್ತು. ಬಲಗೈ. ಟೀವಿಯಲ್ಲಿ ವಾರ್ತೆ ಬರ್ತಿತ್ತು, ಏಳು ಗಂಟೆ. ಹೊದಿಕೆ ಮೇಲೆ ಬೆರಳು ಹೀಗೆ ಹೀಗೆ. ಆಮೇಲೆ ನಿಂತೋಯ್ತು. ಮೂವತ್ತು ವರ್ಷ ನರ್ಸ್ ಕೆಲಸ ಮಾಡಿದೀನಿ, ಇಂಥದ್ದು ನೋಡಿಲ್ಲ."

ಏಳು ಗಂಟೆಗೆ ನಾನು ವೇದಿಕೆಯಲ್ಲಿ ಎರಡನೆಯ ಕೃತಿ ನುಡಿಸುತ್ತಿದ್ದೆ. ಅಲ್ಲೇ ಕುರ್ಚಿಯಲ್ಲಿ ಕೂತೆ. ಟೀಚರ್ ಮಲಗಿದ್ದರು, ಎಬ್ಬಿಸಲಿಲ್ಲ. ಹೆದರಿಕೆಯ ಜೊತೆಗೆ ಒಂದು ಸಮಾಧಾನವೂ ಆಯಿತು. ಅವರೇ ಬಂದು ನನ್ನನ್ನು ದಾಟಿಸಿದರು ಅಂದುಕೊಂಡೆ. ಹಾಗೆ ಅಂದುಕೊಂಡು ಒಂದು ವಾರ ನೆಮ್ಮದಿಯಾಗಿದ್ದೆ.

ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಬ್ಯಾಟರಿ ರೆಕಾರ್ಡರಿನಲ್ಲಿ ಕಛೇರಿಯನ್ನು ಟೇಪ್ ಮಾಡಿಕೊಂಡಿದ್ದರು. ಆ ಕ್ಯಾಸೆಟ್ ಕೇಳಿ ಪಡೆದು ಟೀಚರ್ ಹತ್ತಿರ ಒಯ್ದೆ. ದಿಂಬಿಗೆ ಒರಗಿಸಿ ಕೂರಿಸಿದೆವು. ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡನೆಯದು ಶುರುವಾದಾಗ ಮುಖದಲ್ಲಿ ನಗು ಬಂತು. ನಾಲ್ಕನೆಯ ಪುಟ ದಾಟಿದ ಕೂಡಲೇ ಕಣ್ಣು ಬಿಟ್ಟರು. ಆ ಉದ್ದದ ನಿಲುಗಡೆ ಬಂತು. ಎಡಗೈಯಿಂದ ಮಂಚದ ಅಂಚು ಗಟ್ಟಿಯಾಗಿ ಹಿಡಿದುಕೊಂಡರು.

"ಇದು ನೀನಲ್ಲ" ಅಂದರು.

"ಗೊತ್ತು ಟೀಚರ್. ನೀವೇ ಅಲ್ವಾ?"

ಅವರು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಅಂಥ ಹೆದರಿಕೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕಷ್ಟಪಟ್ಟು ಒಂದೊಂದೇ ಮಾತು ತಂದರು. "ನಾನೂ... ಅಲ್ಲ." ಆಮೇಲೆ, "ತಗೊಂಡ್ ಹೋಗು. ಮನೇಲಿ ಬೇಡ."

ತಿಂಗಳೊಳಗೆ ಮುಂಬಯಿಯಿಂದ ಕಾಗದ ಬಂತು. ನನ್ನನ್ನು ಆರಿಸಿದ್ದರು. ಎರಡನೆಯ ಕೃತಿಯನ್ನು ಹೊಗಳಿ ಅರ್ಧ ಪುಟ ಬರೆದಿದ್ದರು. ನಾಲ್ಕು ದಿನ ಯೋಚಿಸಿ, ಬರಲಾಗುವುದಿಲ್ಲ ಅಂತ ಉತ್ತರ ಬರೆದೆ. ಹೆಂಡತಿ ತಿಂಗಳುಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವಳಿಗೆ ಏನಂತ ಹೇಳಲಿ? ಅವರು ಆರಿಸಿದ್ದು ಯಾರನ್ನು ಅನ್ನುವುದು ನನಗೇ ಗೊತ್ತಿರಲಿಲ್ಲ. ಆಮೇಲೆ ನಾನು ವೇದಿಕೆ ಹತ್ತಿಲ್ಲ. ಮಕ್ಕಳಿಗೆ ಕಲಿಸುತ್ತೇನೆ, ಸ್ವರದ ಪುಸ್ತಕ ಎದುರಿಟ್ಟುಕೊಂಡು ನುಡಿಸುತ್ತೇನೆ.

ಡಾಕ್ಟರ್ ಗೆಳೆಯನೊಬ್ಬನಿಗೆ ಎಲ್ಲ ಹೇಳಿದೆ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈ ತಾನಾಗಿ ನುಡಿಸುತ್ತದೆ, ಲಕ್ವ ಹೊಡೆದ ಕೈ ಕೆಲವೊಮ್ಮೆ ಅದುರುತ್ತದೆ, ಹೊತ್ತು ಕೂಡಿಬಂದದ್ದು ಕಾಕತಾಳೀಯ ಅಂದ. ಇರಬಹುದು. ಆದರೆ ಆ ಕ್ಯಾಸೆಟ್ ಕೇಳಿದಾಗಿನ ಟೀಚರ್ ಮುಖವನ್ನು ಅವನು ನೋಡಿರಲಿಲ್ಲ.

ಟೀಚರ್ ಇನ್ನೂ ಮೂರು ವರ್ಷ ಬದುಕಿದ್ದರು. ಆ ಮಾತು ಮತ್ತೆ ಎತ್ತಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಎಡಗೈಯಲ್ಲಿ ನನ್ನ ಕೈ ತೆಗೆದುಕೊಂಡು, ಬಿದ್ದು ಬಂದ ಮಗುವಿಗೆ ಎಲ್ಲಿ ಪೆಟ್ಟಾಗಿದೆ ಅಂತ ನೋಡುವ ಹಾಗೆ ಒಂದೊಂದೇ ಬೆರಳು ಬಿಡಿಸಿ ನೋಡಿದರು.

"ಮತ್ತೆ ಬಂತಾ?" ಅಂದರು.

"ಇಲ್ಲ ಟೀಚರ್."

ಅಷ್ಟು ಕೇಳಿ ಕಣ್ಣು ಮುಚ್ಚಿಕೊಂಡರು. ಬಂದದ್ದು ಏನು ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಅಂತಲೂ ಅನ್ನಿಸುತ್ತದೆ.